ಗ್ಯಾಸ್ಕೆಟ್ ಬದಲಾಯಿತು, ಕಾರಣ ಹಾಗೇ ಉಳಿಯಿತು

‘ಹೆಡ್ ಗ್ಯಾಸ್ಕೆಟ್ ಹೋಗಿದೆ’ ಎಂದು ಮೆಕ್ಯಾನಿಕ್ ಹೇಳಿದ ಕೂಡಲೇ ಹಳೆಯ ಕಾರಿನ ಮಾಲೀಕರ ಮನಸ್ಸಿನಲ್ಲಿ ಎರಡು ಪ್ರಶ್ನೆ ಏಳುತ್ತವೆ. ಎಷ್ಟು ಖರ್ಚಾಗುತ್ತದೆ? ಕಾರನ್ನು ಮಾರಿಬಿಡುವುದು ವಾಸಿಯೇ? ಅದು ಯಾಕೆ ಹೋಯಿತು ಎಂಬ ಮೂರನೆಯ ಪ್ರಶ್ನೆ ಕೇಳುವವರು ಕಡಿಮೆ. ಆದರೆ ಅದಕ್ಕೆ ಉತ್ತರ ಸಿಗದೆ ಮೊದಲಿನ ಎರಡಕ್ಕೆ ಸರಿಯಾದ ಉತ್ತರ ಸಿಗುವುದಿಲ್ಲ. ಹೊಸ ಗ್ಯಾಸ್ಕೆಟ್ ಹಾಕಿಸಿದ ಕೆಲವೇ ತಿಂಗಳಲ್ಲಿ ಅದೇ ಕಾರು ಅದೇ ದೂರು ಹೊತ್ತು ಗ್ಯಾರೇಜಿಗೆ ಮರಳುವುದು ಬಹುಪಾಲು ಇದೇ ಕಾರಣಕ್ಕೆ.

ಇಂಜಿನ್ನಿನ ಕೆಳಭಾಗ ಬ್ಲಾಕ್, ಮೇಲ್ಭಾಗ ಸಿಲಿಂಡರ್ ಹೆಡ್. ಇವೆರಡರ ನಡುವೆ ಕೂರುವ ತೆಳು ಹಾಳೆಯೇ ಹೆಡ್ ಗ್ಯಾಸ್ಕೆಟ್. ಸಿಲಿಂಡರಿನೊಳಗೆ ಉರಿಯುವ ಅನಿಲ, ಇಂಜಿನ್ನನ್ನು ತಂಪಾಗಿಡುವ ನೀರು, ಸವೆತ ತಪ್ಪಿಸುವ ಆಯಿಲ್, ಈ ಮೂರೂ ಅದರ ರಂಧ್ರಗಳ ಮೂಲಕವೇ ಹಾದುಹೋಗುತ್ತವೆ. ಒಂದು ಇನ್ನೊಂದರ ಜೊತೆ ಸೇರಬಾರದು. ಉರಿಯುವ ಅನಿಲದ ತಾಪ ಕ್ಷಣಮಾತ್ರ 2000 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಅದರಿಂದ ಕೆಲವೇ ಮಿಲಿಮೀಟರ್ ಆಚೆ ಹರಿಯುವ ನೀರು ಸುಮಾರು 90 ಡಿಗ್ರಿಯಲ್ಲಿರಬೇಕು. ಇಷ್ಟು ಒತ್ತಡ, ಇಷ್ಟು ತಾಪವ್ಯತ್ಯಾಸವನ್ನು ವರ್ಷಗಟ್ಟಲೆ ತಡೆದುಕೊಳ್ಳುವ ಬಿಡಿಭಾಗ ತಾನಾಗಿಯೇ ಕೆಡುವುದು ಅಪರೂಪ. ಸಾಮಾನ್ಯವಾಗಿ ಅದನ್ನು ಕೆಡಿಸುವುದು ಮಿತಿಮೀರಿದ ಬಿಸಿ.

ಅನೇಕ ಹಳೆಯ ಕಾರುಗಳಲ್ಲಿ ಬ್ಲಾಕ್ ಬೀಡುಕಬ್ಬಿಣದ್ದು, ಹೆಡ್ ಅಲ್ಯೂಮಿನಿಯಮ್ಮಿನದು. ಒಂದು ಕಾಲದಲ್ಲಿ ನಮ್ಮ ಊರುಗಳ ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಸಾಲಾಗಿ ನಿಲ್ಲುತ್ತಿದ್ದ ಪ್ರೀಮಿಯರ್ ಪದ್ಮಿನಿಯೂ ಈ ಬಗೆಯದೇ. ಅಲ್ಯೂಮಿನಿಯಂ ಬೀಡುಕಬ್ಬಿಣಕ್ಕಿಂತ ಹೆಚ್ಚುಕಡಿಮೆ ಎರಡು ಪಟ್ಟು ಹಿಗ್ಗುವ ಲೋಹ. 40 ಸೆಂಟಿಮೀಟರ್ ಉದ್ದದ ಹೆಡ್ 70 ಡಿಗ್ರಿಯಷ್ಟು ಬಿಸಿಯೇರಿದರೆ ಸುಮಾರು 0.6 ಮಿಲಿಮೀಟರ್ ಹಿಗ್ಗುತ್ತದೆ. ಕೆಳಗಿನ ಬ್ಲಾಕ್ ಅದರ ಅರ್ಧದಷ್ಟು ಮಾತ್ರ. ಪ್ರತಿ ಸಲ ಕಾರು ಬಿಸಿಯಾಗಿ ತಣ್ಣಗಾದಾಗಲೂ ಈ ಎಳೆದಾಟ ನಡೆಯುತ್ತದೆ. ಮಾಮೂಲಿ ತಾಪದಲ್ಲಿ ಗ್ಯಾಸ್ಕೆಟ್ ಅದನ್ನು ಸಹಿಸಿಕೊಳ್ಳುತ್ತದೆ. ನೀರಿಲ್ಲದೆ ಇಂಜಿನ್ ಕಾದಾಗ ಹೆಡ್ ಮತ್ತಷ್ಟು ಹಿಗ್ಗಲು ನೋಡುತ್ತದೆ, ಬಿಗಿದ ಬೋಲ್ಟುಗಳು ಬಿಡುವುದಿಲ್ಲ. ಹೆಡ್ ಬಾಗುತ್ತದೆ. ಬಾಗಿದ ಕಡೆ ಗ್ಯಾಸ್ಕೆಟ್ ಮೇಲಿನ ಹಿಡಿತ ಸಡಿಲವಾಗಿ ಬೆಂಕಿ ದಾರಿ ಮಾಡಿಕೊಳ್ಳುತ್ತದೆ.

ಹೀಗೆ ತೆರೆದುಕೊಂಡ ದಾರಿ ಯಾವುದು ಎಂಬುದರ ಮೇಲೆ ಲಕ್ಷಣಗಳು ಬದಲಾಗುತ್ತವೆ. ಅನಿಲ ನೀರಿನ ದಾರಿಗೆ ನುಗ್ಗಿದರೆ ರೇಡಿಯೇಟರಿನಲ್ಲಿ ಗುಳ್ಳೆ ಏಳುತ್ತದೆ, ಸ್ಟಾರ್ಟ್ ಮಾಡಿದ ಸ್ವಲ್ಪ ಹೊತ್ತಿಗೇ ಹೋಸ್ ಪೈಪು ಕಲ್ಲಿನಂತೆ ಗಟ್ಟಿಯಾಗುತ್ತದೆ. ನೀರು ಸಿಲಿಂಡರಿಗೆ ಇಳಿದರೆ ಬೆಳಿಗ್ಗೆ ಇಂಜಿನ್ ಕುಂಟುತ್ತಾ ಶುರುವಾಗುತ್ತದೆ, ಸೈಲೆನ್ಸರಿನಿಂದ ದಟ್ಟ ಬಿಳಿ ಹೊಗೆ ಬಂದು ನಿಲ್ಲುವುದೇ ಇಲ್ಲ. ಕೂಲಂಟ್ ಹಾಕಿದ್ದರೆ ಆ ಹೊಗೆಗೆ ಸಿಹಿ ವಾಸನೆ ಇರುತ್ತದೆ. ನೀರು ಆಯಿಲ್ ಜೊತೆ ಬೆರೆತರೆ ಡಿಪ್‌ಸ್ಟಿಕ್ಕಿನ ಮೇಲೆ ಹಾಲು ಬೆರೆಸಿದ ಕಾಫಿ ಬಣ್ಣದ ನೊರೆ ಕಾಣುತ್ತದೆ. ಅಕ್ಕಪಕ್ಕದ ಎರಡು ಸಿಲಿಂಡರುಗಳ ನಡುವೆ ಮಾತ್ರ ಗ್ಯಾಸ್ಕೆಟ್ ಸುಟ್ಟಿದ್ದರೆ ಹೊಗೆಯೂ ಇಲ್ಲ, ನೊರೆಯೂ ಇಲ್ಲ. ಇಂಜಿನ್ನಿನ ಶಕ್ತಿ ಕುಗ್ಗಿ ನಡುಕ ಹೆಚ್ಚುತ್ತದೆ.

ಆದರೆ ಲಕ್ಷಣವನ್ನೇ ತೀರ್ಪು ಎಂದುಕೊಳ್ಳಬಾರದು. ಚಳಿಗಾಲದಲ್ಲಿ ಬರೀ ಒಂದೆರಡು ಕಿಲೋಮೀಟರ್ ಓಡುವ ಕಾರಿನ ಆಯಿಲ್ ಮುಚ್ಚಳದೊಳಗೆ ತೇವ ಕಟ್ಟಿ ಕೆನೆಯಂಥ ಪದರ ಕಾಣುವುದುಂಟು. ಬೆಳಗಿನ ಮಂಜಿನಲ್ಲಿ ಒಳ್ಳೆಯ ಇಂಜಿನ್ನೂ ಕೆಲವು ನಿಮಿಷ ಬಿಳಿ ಆವಿ ಬಿಡುತ್ತದೆ. ಹಾಗಾಗಿ ಹೆಡ್ ಬಿಚ್ಚುವ ಮುನ್ನ ಪರೀಕ್ಷೆ ಆಗಬೇಕು. ಪ್ರತಿ ಸಿಲಿಂಡರಿನ ಕಂಪ್ರೆಷನ್ ಅಳೆದು ಹೋಲಿಸುವುದು ಒಂದು. ಕೂಲಿಂಗ್ ವ್ಯವಸ್ಥೆಗೆ ಕೈಪಂಪಿನಿಂದ ಒತ್ತಡ ಕೊಟ್ಟು ಅದು ಇಳಿಯುತ್ತದೆಯೇ ನೋಡುವುದು ಇನ್ನೊಂದು. ರೇಡಿಯೇಟರ್ ಬಾಯಿಯ ಗಾಳಿಯನ್ನು ನೀಲಿ ದ್ರಾವಣದ ಮೂಲಕ ಎಳೆಯುವುದು ಮೂರನೆಯದು: ಅದರಲ್ಲಿ ಸುಟ್ಟ ಅನಿಲದ ಇಂಗಾಲದ ಡೈಆಕ್ಸೈಡ್ ಇದ್ದರೆ, ಪೆಟ್ರೋಲ್ ಇಂಜಿನ್ನಿನಲ್ಲಿ ದ್ರಾವಣ ಹಳದಿಗೆ ತಿರುಗುತ್ತದೆ. ಈ ಮೂರಕ್ಕೂ ತಗಲುವ ಸಮಯ ಹೆಡ್ ಬಿಚ್ಚಿ ಕೂರಿಸುವ ಸಮಯದ ಒಂದು ಚೂರು.

ಇನ್ನು ಕಾರಣದ ಮಾತು. ಕಾರು ಎಲ್ಲಿ ಬಿಸಿಯಾಯಿತು ಎಂಬುದರಲ್ಲೇ ಅರ್ಧ ಉತ್ತರವಿದೆ. ಸಿಗ್ನಲ್ಲಿನಲ್ಲಿ ನಿಂತಾಗ ತಾಪ ತೋರಿಸುವ ಮುಳ್ಳು ಏರಿ, ಹೆದ್ದಾರಿಗೆ ಬಂದೊಡನೆ ಇಳಿಯುತ್ತಿದ್ದರೆ ರೇಡಿಯೇಟರ್ ಫ್ಯಾನ್, ಅದರ ಸ್ವಿಚ್, ರಿಲೇ ನೋಡಬೇಕು. ಊರೊಳಗೆ ಸರಿಯಿದ್ದು ಶಿರಾಡಿ, ಚಾರ್ಮಾಡಿ, ಆಗುಂಬೆಯಂಥ ಘಾಟಿ ಏರುವಾಗ ಮಾತ್ರ ಕಾದರೆ ರೇಡಿಯೇಟರಿನ ಒಳದಾರಿ ಕಟ್ಟಿಕೊಂಡಿರುವ ಸಂಭವ ಹೆಚ್ಚು. ನೀರಿನ ಮಟ್ಟ ದಿನದಿನವೂ ಇಳಿಯುತ್ತಿದ್ದರೆ ವಾಟರ್ ಪಂಪ್ ಸೀಲು, ಹೋಸ್, ರೇಡಿಯೇಟರ್ ಮುಚ್ಚಳ ಪರೀಕ್ಷಿಸಬೇಕು. ಈ ಮುಚ್ಚಳವನ್ನು ಹಗುರವಾಗಿ ಕಾಣುವವರೇ ಹೆಚ್ಚು. ಅಡುಗೆಮನೆಯ ಕುಕ್ಕರಿನ ವೆಯ್ಟ್ ಮಾಡುವ ಕೆಲಸವನ್ನೇ ಅದೂ ಮಾಡುತ್ತದೆ: ಒತ್ತಡ ಹಿಡಿದಿಟ್ಟು, ನೀರು 100 ಡಿಗ್ರಿಯಲ್ಲಿ ಕುದಿಯದಂತೆ 120ರ ಆಸುಪಾಸಿಗೆ ತಳ್ಳುತ್ತದೆ. ಅದರ ಸ್ಪ್ರಿಂಗ್ ಸೋತರೆ, ರಬ್ಬರ್ ಬಿರಿದರೆ ಇಂಜಿನ್ ಬೇಗ ಕುದಿಯುತ್ತದೆ.

ನಮ್ಮ ನಾಡಿನಲ್ಲಿ ಈ ಕಾರಣಗಳ ಜೊತೆಗೆ ಎರಡು ಅಭ್ಯಾಸಗಳು ಸೇರಿಕೊಳ್ಳುತ್ತವೆ. ಒಂದು, ರೇಡಿಯೇಟರಿಗೆ ಬೋರ್‌ವೆಲ್ ನೀರು ಸುರಿಯುವುದು. ಕೋಲಾರದಂಥ ಬಯಲುಸೀಮೆಯ ಗಡಸು ನೀರು ಪಾತ್ರೆಯ ತಳದಲ್ಲಿ ಬಿಡುವ ಬಿಳಿ ಪದರವನ್ನೇ ಇಂಜಿನ್ನಿನ ನೀರಿನ ದಾರಿಗಳಲ್ಲೂ ಬಿಡುತ್ತದೆ. ಆ ಪದರ ಶಾಖವನ್ನು ದಾಟಗೊಡುವುದಿಲ್ಲ. ಕೂಲಂಟ್ ಹಿಮ ಬೀಳುವ ದೇಶಗಳಿಗೆ ಮಾತ್ರ ಬೇಕು ಎಂಬ ತಿಳಿವಳಿಕೆ ತಪ್ಪು. ಅದು ತುಕ್ಕು ತಡೆಯುತ್ತದೆ, ಕುದಿಯುವ ಮಟ್ಟ ಏರಿಸುತ್ತದೆ. ಅದನ್ನು ಬಟ್ಟಿ ಇಳಿಸಿದ ನೀರಿನೊಂದಿಗೆ ಬೆರೆಸಿ ಹಾಕಬೇಕು. ಎರಡನೆಯದು, ಕಾರು ಬಿಸಿಯಾದರೆ ಥರ್ಮೋಸ್ಟಾಟ್ ವಾಲ್ವನ್ನೇ ಕಿತ್ತೆಸೆಯುವುದು. ಅದಿಲ್ಲದೆ ಇಂಜಿನ್ ಬೇಕಾದ ತಾಪಕ್ಕೆ ಬರಲು ತಡಮಾಡುತ್ತದೆ, ಪೆಟ್ರೋಲ್ ಹೆಚ್ಚು ಕುಡಿಯುತ್ತದೆ, ಸವೆಯುತ್ತದೆ. ಕೆಲವು ಇಂಜಿನ್ನುಗಳಲ್ಲಿ ನೀರು ರೇಡಿಯೇಟರಿಗೆ ಹೋಗುವ ಬದಲು ಬೈಪಾಸಿನಲ್ಲೇ ಸುತ್ತಿ ಬಿಸಿ ಇನ್ನೂ ಏರುತ್ತದೆ. ಕೆಟ್ಟ ಥರ್ಮೋಸ್ಟಾಟಿಗೆ ಮದ್ದು ಹೊಸ ಥರ್ಮೋಸ್ಟಾಟ್.

ದಾರಿಯಲ್ಲಿ ಮುಳ್ಳು ಕೆಂಪು ಗೆರೆಯತ್ತ ಹೋದರೆ ಎ.ಸಿ. ಆಫ್ ಮಾಡಿ, ಹೀಟರ್ ಪೂರ್ತಿ ಹಾಕಿ, ಬದಿಗೆ ನಿಲ್ಲಿಸಿ ಇಂಜಿನ್ ಬಂದ್ ಮಾಡಬೇಕು. ‘ಇನ್ನೆರಡು ಕಿಲೋಮೀಟರ್ ತಾನೇ’ ಎಂದು ಓಡಿಸುವುದರಲ್ಲೇ ಸಣ್ಣ ಖರ್ಚು ದೊಡ್ಡದಾಗುತ್ತದೆ. ನೀರು ಪೂರ್ತಿ ಖಾಲಿಯಾದಾಗ ತಾಪ ಅಳೆಯುವ ಸೆನ್ಸರ್ ಬರೀ ಗಾಳಿಯಲ್ಲಿ ಉಳಿದು ಮುಳ್ಳು ಕೆಳಗಿಳಿಯಬಹುದು. ಅದನ್ನು ನಂಬಿ ಹೊರಡಬಾರದು. ಬಿಸಿ ರೇಡಿಯೇಟರಿನ ಮುಚ್ಚಳ ತೆರೆದರೆ ಕುದಿನೀರು ಮುಖಕ್ಕೆ ಚಿಮ್ಮುತ್ತದೆ. ಕಾದ ಇಂಜಿನ್ನಿಗೆ ತಣ್ಣೀರು ಸುರಿದರೆ ಹೆಡ್ ಬಿರುಕು ಬಿಡಬಹುದು. ತಣ್ಣಗಾಗುವವರೆಗೆ ಕಾಯಿರಿ, ಅನುಮಾನವಿದ್ದರೆ ಟೋಯಿಂಗ್ ಗಾಡಿ ಕರೆಸಿ.

ಹೆಡ್ ಬಿಚ್ಚಿದ ಮೇಲೆ ಕೆಲಸದ ಗುಣಮಟ್ಟ ನಿರ್ಧಾರವಾಗುವುದು ಮಾಲೀಕರ ಕಣ್ಣಿಗೆ ಬೀಳದ ಕೆಲವು ಹಂತಗಳಲ್ಲಿ. ಹೆಡ್ಡಿನ ಅಡಿಯನ್ನು ನೇರಪಟ್ಟಿ, ಫೀಲರ್ ಗೇಜ್ ಇಟ್ಟು ಉದ್ದಕ್ಕೂ ಅಡ್ಡಕ್ಕೂ ಓರೆಯಾಗಿಯೂ ಅಳೆಯಬೇಕು. ಅನೇಕ ಇಂಜಿನ್ನುಗಳಲ್ಲಿ 0.05 ಮಿಲಿಮೀಟರಿನಷ್ಟು ಬಾಗಿದ್ದರೂ ಫೇಸಿಂಗ್, ಅಂದರೆ ಅಡಿಯನ್ನು ಹೆರೆದು ಸಮತಟ್ಟು, ಮಾಡಿಸಬೇಕಾಗುತ್ತದೆ. ಬಿರುಕಿದೆಯೇ ಎಂದು ಪ್ರೆಷರ್ ಟೆಸ್ಟ್ ಆಗಬೇಕು. ಫೇಸಿಂಗಿನಲ್ಲಿ ತೆಗೆಯುವ ಲೋಹ ಆದಷ್ಟು ಕಡಿಮೆಯಿರಬೇಕು. ಹೆಚ್ಚು ತೆಗೆದರೆ ಕಂಪ್ರೆಷನ್ ಏರಿ ಇಂಜಿನ್ ನಾಕಿಂಗ್ ಶುರುಮಾಡುತ್ತದೆ. ಬೋಲ್ಟಿನ ರಂಧ್ರಗಳಲ್ಲಿ ನೀರು, ಆಯಿಲ್ ಉಳಿಯಬಾರದು. ಬೋಲ್ಟುಗಳನ್ನು ಮ್ಯಾನುವಲ್ ಹೇಳಿದ ಕ್ರಮದಲ್ಲಿ, ಸಾಮಾನ್ಯವಾಗಿ ನಡುವಿನಿಂದ ಅಂಚಿಗೆ, ಹಂತಹಂತವಾಗಿ ಟಾರ್ಕ್ ರೆಂಚಿನಿಂದಲೇ ಬಿಗಿಯಬೇಕು. ಎಷ್ಟೇ ಪಳಗಿದ ಕೈಯಾದರೂ ಅಂದಾಜಿನ ಬಿಗಿತ ಎಲ್ಲ ಬೋಲ್ಟುಗಳಲ್ಲೂ ಒಂದೇ ಆಗುವುದಿಲ್ಲ. ಒಮ್ಮೆ ಬಿಗಿದರೆ ಹಿಗ್ಗುವ ಬಗೆಯ ಬೋಲ್ಟುಗಳಾದರೆ ಹೊಸವೇ ಬೇಕು. ಇಷ್ಟೆಲ್ಲ ಬಿಚ್ಚಿದಾಗ ಟೈಮಿಂಗ್ ಬೆಲ್ಟ್, ಥರ್ಮೋಸ್ಟಾಟ್ ಬದಲಿಸಿ, ವಾಟರ್ ಪಂಪ್ ಪರೀಕ್ಷಿಸುವುದು ಜಾಣತನ. ಆಯಿಲಿಗೆ ನೀರು ಬೆರೆತಿದ್ದರೆ ಆಯಿಲ್, ಫಿಲ್ಟರ್ ಎರಡನ್ನೂ ಬದಲಿಸಿ, ಸ್ವಲ್ಪ ಓಡಿಸಿ ಮತ್ತೊಮ್ಮೆ ಬದಲಿಸಬೇಕು. ಸೋರಿಕೆ ನಿಲ್ಲಿಸುವುದಾಗಿ ಹೇಳುವ ಬಾಟಲಿ ದ್ರಾವಣಗಳು ತಾತ್ಕಾಲಿಕ. ರೇಡಿಯೇಟರಿನ ಸಣ್ಣ ದಾರಿಗಳನ್ನೂ ಅವು ಮುಚ್ಚಬಲ್ಲವು.

ಕಾರನ್ನು ಉಳಿಸಿಕೊಳ್ಳಬೇಕೇ ಎಂಬ ಪ್ರಶ್ನೆಗೆ ಈಗ ಬರಬಹುದು. ಮಾರುತಿ 800 ಕಾರು 1983ರ ಡಿಸೆಂಬರಿನಲ್ಲಿ ರಸ್ತೆಗಿಳಿದು 2014ರ ಜನವರಿವರೆಗೆ ತಯಾರಾಯಿತು. ಇಂಥ ಕಾರುಗಳ ಬಿಡಿಭಾಗಕ್ಕೆ ಬೆಂಗಳೂರಿನ ಜೆ.ಸಿ. ರಸ್ತೆಯಂಥ ಮಾರುಕಟ್ಟೆಗಳಿವೆ, ಕೆಲಸ ಬಲ್ಲ ಮೆಕ್ಯಾನಿಕರೂ ಇದ್ದಾರೆ. ಬಾಡಿ ಗಟ್ಟಿಯಿದ್ದು, ಹೆಡ್ ಬಿರುಕಿಲ್ಲದೆ, ಬ್ಲಾಕ್ ಸರಿಯಿದ್ದು, ಕಾರಣ ಸ್ಪಷ್ಟವಾಗಿದ್ದರೆ ರಿಪೇರಿ ಮಾಡಿಸಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಚಾಸಿಸ್ ತುಕ್ಕು ಹಿಡಿದು, ಬೇರಿಂಗ್ ಸದ್ದು ಮಾಡುತ್ತಿದ್ದರೆ ಲೆಕ್ಕ ಬೇರೆ. ಖಾಸಗಿ ಕಾರಿನ ಆರ್‌ಸಿ 15 ವರ್ಷಕ್ಕೆ ಮುಗಿದು, ಆಮೇಲೆ ಐದೈದು ವರ್ಷಕ್ಕೆ ನವೀಕರಣವಾಗುತ್ತದೆ. ಆ ದಿನ ಹತ್ತಿರವಿದ್ದರೆ ಅದರ ಖರ್ಚನ್ನೂ ಕೂಡಿಸಿ ನೋಡಬೇಕು.

ಗ್ಯಾರೇಜಿನಲ್ಲಿ ನಾವು ಮೊದಲು ಕೇಳುವುದು ‘ಎಷ್ಟಾಗುತ್ತೆ’, ಆಮೇಲೆ ‘ಯಾವಾಗ ಕೊಡ್ತೀರಿ’. ಈ ಎರಡರ ಒತ್ತಡದಲ್ಲೇ ಲೇತ್ ಅಂಗಡಿಯ ಫೇಸಿಂಗ್, ಪ್ರೆಷರ್ ಟೆಸ್ಟ್, ಕಾರಣದ ಹುಡುಕಾಟ ಕೈಬಿಟ್ಟುಹೋಗುತ್ತವೆ. ಪರೀಕ್ಷೆಗೆ ಪ್ರತ್ಯೇಕವಾಗಿ ಹಣ ಕೊಡಲು ಮಾಲೀಕರು ಒಪ್ಪಬೇಕು. ಹಳೆಯ ಗ್ಯಾಸ್ಕೆಟ್ ಎಲ್ಲಿ ಸುಟ್ಟಿದೆ ಎಂದು ತೋರಿಸುವ, ಹೆಡ್ ಎಷ್ಟು ಬಾಗಿತ್ತು, ಬಿಸಿಗೆ ಕಾರಣವೇನು ಎಂದು ಬಿಲ್ಲಿನಲ್ಲೇ ಬರೆಯುವ ಪದ್ಧತಿಯನ್ನು ಮೆಕ್ಯಾನಿಕರು ರೂಢಿಸಿಕೊಳ್ಳಬೇಕು. ಕಾರು ಮನೆಗೆ ಬಂದ ಮೇಲೆ ಮೊದಲ ಕೆಲವು ವಾರ ಪ್ರತಿದಿನ ಬೆಳಿಗ್ಗೆ ತಣ್ಣಗಿರುವಾಗಲೇ ನೀರಿನ ಮಟ್ಟ ನೋಡಿ. ಅದು ಮತ್ತೆ ಮತ್ತೆ ಇಳಿಯುತ್ತಿದ್ದರೆ ತುಂಬಿಸಿ ಸುಮ್ಮನಾಗಬೇಡಿ, ಅದೇ ಬಿಲ್ ಹಿಡಿದು ಅದೇ ಗ್ಯಾರೇಜಿಗೆ ಹೋಗಿ.