ಜತ್ತಿಯವರು ಸಹಿ ತಡೆದದ್ದು ತಪ್ಪಲ್ಲ

1977ರ ಏಪ್ರಿಲ್ ಕೊನೆಗೆ, ಒಂಬತ್ತು ರಾಜ್ಯಗಳ ವಿಧಾನಸಭೆಗಳನ್ನು ವಿಸರ್ಜಿಸಬೇಕೆಂದು ಜನತಾ ಸರ್ಕಾರ ಸಲಹೆ ಕಳಿಸಿದಾಗ, ಹಂಗಾಮಿ ರಾಷ್ಟ್ರಪತಿ ಬಸಪ್ಪ ದಾನಪ್ಪ ಜತ್ತಿ ಕೂಡಲೇ ಸಹಿ ಮಾಡಲಿಲ್ಲ. ತಡೆದು, 30ರಂದು ಮಾಡಿದರು. ಅಷ್ಟಕ್ಕೇ ಅವರಿಗೆ ಪಕ್ಷಪಾತದ ಕಳಂಕ ಅಂಟಿತು, ಇನ್ನೂ ತೊಳೆದು ಹೋಗಿಲ್ಲ. ಜತ್ತಿಯವರ ಊರು ಸಾವಳಗಿ ಆಗ ನಮ್ಮ ವಿಜಾಪುರ ಜಿಲ್ಲೆಯಲ್ಲೇ ಇತ್ತು. ಭೂಸುಧಾರಣೆ ಸಮಿತಿಯ ಅಧ್ಯಕ್ಷರೆಂದು, ಮುಖ್ಯಮಂತ್ರಿಯೆಂದು, ಬಸವ ಸಮಿತಿಯ ಸ್ಥಾಪಕರೆಂದು ಅವರನ್ನು ಸ್ಮರಿಸುವ ನಾವೂ ಈ ಪ್ರಸಂಗ ಬಂದಾಗ ಮಾತು ಹಾರಿಸುತ್ತೇವೆ. ಹಾರಿಸಬೇಕಾಗಿಲ್ಲ. ಆ ತಡೆ ರಾಷ್ಟ್ರಪತಿ ಪದವಿಗೆ ಸಲ್ಲುವ ಕೆಲಸವೇ ಆಗಿತ್ತು.

ಮಂತ್ರಿಮಂಡಲ ಕಳಿಸಿದ್ದಕ್ಕೆಲ್ಲ ರಾಷ್ಟ್ರಪತಿ ಒಪ್ಪಲೇಬೇಕೆ ಎಂಬ ಪ್ರಶ್ನೆ ಗಣರಾಜ್ಯದಷ್ಟೇ ಹಳೆಯದು. ಮೊದಲ ರಾಷ್ಟ್ರಪತಿ ರಾಜೇಂದ್ರ ಪ್ರಸಾದರು 1951ರಲ್ಲಿ ಹಿಂದೂ ಸಂಹಿತೆ ಮಸೂದೆಯ ವಿಷಯದಲ್ಲಿ ನೆಹರೂ ಅವರೊಡನೆ ಇದೇ ಜಗ್ಗಾಟ ನಡೆಸಿದರು. 1960ರ ನವೆಂಬರ್ 28ರಂದು ಭಾರತೀಯ ಕಾನೂನು ಸಂಸ್ಥೆಯ ಸಮಾರಂಭದಲ್ಲಿ, ನಮ್ಮ ರಾಷ್ಟ್ರಪತಿಯ ಅಧಿಕಾರ ಇಂಗ್ಲೆಂಡಿನ ದೊರೆಯದರಷ್ಟೇ ಎಂಬುದನ್ನು ವಿದ್ವಾಂಸರು ಪರಿಶೀಲಿಸಲಿ ಎಂದು ಬಹಿರಂಗವಾಗಿಯೇ ಕೇಳಿದರು. ಹಿಂದೂ ಸಂಹಿತೆಯ ವಿಷಯದಲ್ಲಿ ಹೆಣ್ಣುಮಕ್ಕಳ ಹಕ್ಕಿಗೆ ಅಡ್ಡ ಬಂದ ಅವರ ನಿಲುವು ನನಗೆ ಒಪ್ಪಿಗೆಯಿಲ್ಲ. ಪ್ರಶ್ನೆ ಮಾತ್ರ ಸಾಚಾ ಆಗಿತ್ತು. 1976ರ 42ನೇ ತಿದ್ದುಪಡಿ ಅದರ ಬಾಯಿ ಮುಚ್ಚಿಸಿತು: ಸಲಹೆಯಂತೆ ನಡೆಯುವುದು ಕಡ್ಡಾಯ. ಆದರೆ ಓದಿ, ವಿಚಾರಿಸಿ ಸಹಿ ಮಾಡಬಾರದೆಂದು ಆ ತಿದ್ದುಪಡಿಯೂ ಹೇಳಿರಲಿಲ್ಲ. ಜತ್ತಿಯವರು ಸಲಹೆಯನ್ನು ತಿರಸ್ಕರಿಸಲಿಲ್ಲ, ಕಡತವನ್ನು ವಾರಗಟ್ಟಲೆ ಇಟ್ಟುಕೊಳ್ಳಲೂ ಇಲ್ಲ.

ವಿರೋಧಿಗಳ ವಾದದಲ್ಲಿ ತೂಕವಿದೆ, ಒಪ್ಪುತ್ತೇನೆ. ಆರು ರಾಜ್ಯಗಳು ಹೂಡಿದ್ದ ದಾವೆಗಳನ್ನು ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ ಏಪ್ರಿಲ್ 29ರಂದೇ ತಳ್ಳಿಹಾಕಿತ್ತು. ಹೊಸ ರಾಷ್ಟ್ರಪತಿಯ ಚುನಾವಣೆ ಹತ್ತಿರದಲ್ಲಿತ್ತು, ಹಳೆಯ ವಿಧಾನಸಭೆಗಳು ಉಳಿದಿದ್ದರೆ ಲಾಭ ಕಾಂಗ್ರೆಸ್ಸಿಗೆ. ತುರ್ತುಪರಿಸ್ಥಿತಿಯಿಂದ ಬೆಂದ ಜನರಿಗೆ ಸಂಶಯ ಬಂದದ್ದು ಸಹಜ. ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಒಡಿಶಾದ್ದು: 1973ರಲ್ಲಿ ಅಲ್ಲಿ ರಾಜ್ಯಪಾಲರಾಗಿದ್ದ ಇದೇ ಜತ್ತಿಯವರು, ಬಹುಮತ ತಮಗಿದೆಯೆಂದ ಬಿಜು ಪಟ್ನಾಯಕರನ್ನು ಕರೆಯದೆ ರಾಷ್ಟ್ರಪತಿ ಆಳ್ವಿಕೆಗೆ ಶಿಫಾರಸು ಮಾಡಿದ್ದರು. ಅದು ತಪ್ಪು, ನಮ್ಮ ಜಿಲ್ಲೆಯವರೆಂದು ನಾವು ಅದನ್ನು ಮುಚ್ಚಬಾರದು. ಆದರೆ ಒಡಿಶಾದಲ್ಲಿ ಆದದ್ದು ಸದನದ ಬಲವನ್ನು ಸದನದಲ್ಲಿ ಅಳೆಯದ ತಪ್ಪು. 1977ರಲ್ಲಿ ಕೇಂದ್ರ ಮಾಡಹೊರಟದ್ದೂ ಅದನ್ನೇ. ಲೋಕಸಭೆಯಲ್ಲಿ ಸೋತ ಪಕ್ಷದ ಸರ್ಕಾರಗಳು ರಾಜ್ಯಗಳಲ್ಲೂ ಇರಬಾರದೆಂಬುದೇ ಅದರ ವಾದ. ಮೊದಲನೆಯದನ್ನು ಖಂಡಿಸುವವರು ಎರಡನೆಯದಕ್ಕೆ ತಡೆಯೊಡ್ಡಿದ್ದನ್ನು ಹಳಿಯುವುದು ಹೇಗೆ? ಆ ವಾದದ ಬೆಲೆಯನ್ನು ಜನತಾ ಪಕ್ಷವೇ ತೆತ್ತಿತು: 1980ರ ಫೆಬ್ರುವರಿಯಲ್ಲಿ ಇಂದಿರಾ ಗಾಂಧಿ ಅದನ್ನೇ ಹಿಡಿದು ಮತ್ತೆ ಒಂಬತ್ತು ರಾಜ್ಯಗಳ ವಿಧಾನಸಭೆಗಳನ್ನು ವಿಸರ್ಜಿಸಿದರು.

ಜತ್ತಿಯವರ ಸಹಿಯನ್ನು ಅವಸರಪಡಿಸಿದ ಅದೇ ಜನತಾ ಸರ್ಕಾರ 1978ರ 44ನೇ ತಿದ್ದುಪಡಿಯಲ್ಲಿ, ಸಲಹೆಯನ್ನು ಮರುಪರಿಶೀಲನೆಗೆ ಒಮ್ಮೆ ಹಿಂದಕ್ಕೆ ಕಳಿಸುವ ಅಧಿಕಾರವನ್ನು ರಾಷ್ಟ್ರಪತಿಗೆ ಕೊಟ್ಟಿತು. 1989ರಲ್ಲಿ ಕರ್ನಾಟಕದ ಮುಖ್ಯಮಂತ್ರಿಯಾಗಿದ್ದ ನಮ್ಮ ಎಸ್.ಆರ್. ಬೊಮ್ಮಾಯಿ ಸದನದಲ್ಲಿ ಬಲ ತೋರಿಸುತ್ತೇನೆಂದರೂ ಅವಕಾಶ ಸಿಗದೆ ಅಧಿಕಾರ ಕಳೆದುಕೊಂಡರು. ಅವರ ಹೆಸರಿನ 1994ರ ತೀರ್ಪು ಬಹುಮತವನ್ನು ಸದನದಲ್ಲೇ ಅಳೆಯಬೇಕೆಂದಿತು, ಲೋಕಸಭೆಯಲ್ಲಿ ಸೋತ ಮಾತ್ರಕ್ಕೆ ರಾಜ್ಯ ಸರ್ಕಾರವನ್ನು ಕಿತ್ತೊಗೆಯಲಾಗದೆಂದೂ ಹೇಳಿತು. 1997ರಲ್ಲಿ ಉತ್ತರ ಪ್ರದೇಶದಲ್ಲಿ ರಾಷ್ಟ್ರಪತಿ ಆಳ್ವಿಕೆ ಹೇರುವ ಶಿಫಾರಸನ್ನು ರಾಷ್ಟ್ರಪತಿ ಕೆ.ಆರ್. ನಾರಾಯಣನ್ ಹಿಂದಕ್ಕೆ ಕಳಿಸಿದಾಗ ಗುಜ್ರಾಲ್ ಸರ್ಕಾರ ಸುಮ್ಮನಾಯಿತು. ಜನ ನಾರಾಯಣನ್ ಅವರನ್ನು ಮೆಚ್ಚಿದರು. ಜತ್ತಿಯವರ ಕೈಯಲ್ಲಿ ಆ 44ನೇ ತಿದ್ದುಪಡಿ ಇರಲಿಲ್ಲ. ನಮ್ಮ ಜಿಲ್ಲೆಯ ಶಾಲೆಗಳಲ್ಲಿ ಅವರ ಪರಿಚಯ ಮಾಡಿಕೊಡುವಾಗ ಒಡಿಶಾದ ತಪ್ಪನ್ನೂ 1977ರ ತಡೆಯನ್ನೂ ಒಟ್ಟಿಗೇ ಹೇಳಲಿ.