ವಿವಿಯನ್ ಲೀ ನಮ್ಮ ದಂಡಿನವಳೇ?

‘ಗಾನ್ ವಿತ್ ದಿ ವಿಂಡ್’ ಚಿತ್ರದ ನಾಯಕಿ ವಿವಿಯನ್ ಲೀ ಹುಟ್ಟಿದ್ದು ನಮ್ಮ ಬೆಂಗಳೂರು ದಂಡಿನಲ್ಲೇ ಎಂದು ಹಲಸೂರು ಕೆರೆಯ ಬಳಿ ಗೆಳೆಯರೊಬ್ಬರು ಆಣೆ ಮಾಡಿ ಹೇಳಿದರು. ಮೊಮ್ಮಗಳು ಅದನ್ನು ಶಾಲೆಯ ಗೋಡೆಪತ್ರಿಕೆಗೆ ಬರೆಯಲು ಹೊರಟಳು. “ತಡಿ ಪುಟ್ಟಿ, ತಾಳೆ ನೋಡೋಣ” ಎಂದೆ. ಲೆಡ್ಜರ್ ಬರೆದ ಕೈ, ಸುಮ್ಮನಿರುವುದಿಲ್ಲ.

ಮೊದಲು ಹೆಸರು. ಖಾತೆದಾರರ ಹೆಸರು ಬದಲಾಗಿದ್ದರೆ ಹಳೆಯ ಹೆಸರಿನಲ್ಲೇ ಹುಡುಕಬೇಕು. ಆಕೆಯ ಹುಟ್ಟುಹೆಸರು ವಿವಿಯನ್ ಮೇರಿ ಹಾರ್ಟ್ಲಿ. ‘ಲೀ’ ಬಂದದ್ದು ಗಂಡನ ಹೆಸರಿನಿಂದ. ‘ವಿವಿಯನ್’ನಲ್ಲೂ ಇಂಗ್ಲಿಷಿನ ಒಂದಕ್ಷರ ಬದಲಾಯಿತು. ಕನ್ನಡದಲ್ಲಿ ಆ ತಾಪತ್ರಯವಿಲ್ಲ, ಬಿಡಿ.

ಹುಟ್ಟಿದ್ದು 1913ರ ನವೆಂಬರ್ 5ರಂದು, ಡಾರ್ಜಿಲಿಂಗಿನಲ್ಲಿ! ಹಾಗಾದರೆ ಬೆಂಗಳೂರಿನ ಮಾತು ಎಲ್ಲಿಂದ ಬಂತು? ಅವರಪ್ಪನಿಂದ. ಕಲ್ಕತ್ತದಲ್ಲಿ ದಲ್ಲಾಳಿಯಾಗಿದ್ದ ಅರ್ನೆಸ್ಟ್ ಹಾರ್ಟ್ಲಿ ಮೊದಲ ಮಹಾಯುದ್ಧದ ಕಾಲದಲ್ಲಿ ಕುದುರೆ ಸೇನೆಯ ಅಧಿಕಾರಿಯಾದರು; 1917ರಲ್ಲಿ ಬೆಂಗಳೂರಿಗೆ ವರ್ಗವಾಯಿತು. ಹೆಂಡತಿ, ಮಗಳು ಊಟಿಯಲ್ಲಿ ಉಳಿದರು. ವರ್ಗವೆಂದರೆ ಸಂಸಾರ ಎರಡು ಕಡೆ ಎಂಬುದನ್ನು ಬ್ಯಾಂಕಿನವರಿಗೆ ಯಾರೂ ಹೇಳಿಕೊಡಬೇಕಿಲ್ಲ. 1920ರಲ್ಲಿ, ಆರು ವರ್ಷದ ಆ ಮಗುವನ್ನು ಇಂಗ್ಲೆಂಡಿನ ಕಾನ್ವೆಂಟಿನಲ್ಲಿ ಬಿಟ್ಟರು. ಆರೇ ವರ್ಷ!

“ಹಾಗಾದ್ರೆ ಅವ್ರು ನಮ್ಮೂರವ್ರಲ್ವಾ ತಾತ?” ಮೊಮ್ಮಗಳ ಮುಖ ಸಪ್ಪಗಾಯಿತು. ಒಂದು ಗಳಿಗೆ ಪೆನ್ಸಿಲ್ ಕಚ್ಚಿಕೊಂಡು ಕೂತಳು. ಆಮೇಲೆ ‘ಅವರಪ್ಪ ನಮ್ಮೂರಿಗೆ ವರ್ಗವಾಗಿ ಬಂದಿದ್ದರು’ ಎಂದಷ್ಟೇ ಬರೆದಳು. ಗೆಳೆಯರು ಮಾತ್ರ ಇನ್ನೂ ಒಪ್ಪಿಲ್ಲ.

ಆಕೆಗೆ ಮೊದಲ ಆಸ್ಕರ್ ಬಂದದ್ದು 1940ರ ಫೆಬ್ರವರಿ 29ರಂದು. ಆಗ ವಯಸ್ಸೆಷ್ಟು, ಮಕ್ಕಳೇ? ಆ ವರ್ಷದ ನವೆಂಬರ್ ಇನ್ನೂ ಬಂದಿರಲಿಲ್ಲ, ನೆನಪಿರಲಿ.