ಬಿಲ್ಲಿಂಗ್ ತಂತ್ರಾಂಶಕ್ಕೂ ಏಕರೂಪದ ತಪಾಸಣೆ ಬೇಕು

ತಿಪಟೂರಿನ ಮಾರುಕಟ್ಟೆಯಲ್ಲಿ ಉಂಡೆ ಕೊಬ್ಬರಿಯ ಗುಣಮಟ್ಟವನ್ನು ಪ್ರತಿಯೊಬ್ಬ ಖರೀದಿದಾರನೂ ತನ್ನಿಚ್ಛೆಯಂತೆ ನಿರ್ಧರಿಸತೊಡಗಿದರೆ ವ್ಯಾಪಾರ ನಡೆಯಲಾರದು. ಬೆಂಬಲ ಬೆಲೆಯ ಖರೀದಿಯಲ್ಲಂತೂ ಎಫ್‌ಎಕ್ಯೂ ಮಾನದಂಡ ಎಲ್ಲರಿಗೂ ಒಂದೇ. ಆದರೆ ಇದೇ ವರ್ತಕರು ಹಣ ಕೊಟ್ಟು ಬರೆಸಿಕೊಳ್ಳುವ ಬಿಲ್ಲಿಂಗ್ ಹಾಗೂ ದಾಸ್ತಾನು ತಂತ್ರಾಂಶಗಳಿಗೆ ಸಾಮಾನ್ಯವಾಗಿ ಯಾವ ಮಾನದಂಡವೂ ಇರುವುದಿಲ್ಲ. ಬರೆದವರು ಊರು ಬಿಟ್ಟ ಮೇಲೆ, ನಂತರ ಬಂದವರಿಗೆ ಆ ಬರಹ ಅರ್ಥವಾಗದೆ, ಎಲ್ಲವನ್ನೂ ಹೊಸದಾಗಿ ಬರೆಸಿರೆಂಬ ಸಲಹೆ ಬರುತ್ತದೆ.

ಇದಕ್ಕೆ ಮದ್ದು ಹಳೆಯದೇ. 1978ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದ ಸ್ಟೀಫನ್ ಜಾನ್ಸನ್ ಎಂಬವರು ಸಿ ಭಾಷೆಯ ಪ್ರೋಗ್ರಾಮುಗಳನ್ನು ಚಲಾಯಿಸದೆಯೇ ಓದಿ, ಸಂದೇಹಾಸ್ಪದ ಸಾಲುಗಳನ್ನು ತೋರಿಸುವ 'ಲಿಂಟ್' ಎಂಬ ಸಾಧನವನ್ನು ರೂಪಿಸಿದರು. ಲಿಂಟ್ ಎಂದರೆ ಬಟ್ಟೆಗೆ ಅಂಟಿಕೊಂಡ ಜುಂಗು. ತೆಂಗಿನ ನಾರು ಬಲ್ಲ ಚಿಕ್ಕನಾಯಕನಹಳ್ಳಿ, ತುರುವೇಕೆರೆಯವರಿಗೆ ಈ ಹೆಸರನ್ನು ವಿವರಿಸಬೇಕಾಗಿಲ್ಲ. ಜಾವಾಸ್ಕ್ರಿಪ್ಟಿಗಾಗಿ 2013ರಲ್ಲಿ ಬಂದ ಇಎಸ್‌ಲಿಂಟ್ ಇದೇ ಸಂತತಿಯದು. ಅದರ ನಿಯಮಗಳನ್ನು ಒಂದು ಕಡತದಲ್ಲಿ ಬರೆದಿಟ್ಟು ಹಲವು ಸಂಸ್ಥೆಗಳು ಹಂಚಿಕೊಳ್ಳಬಹುದು.

ಹಂಚಿಕೊಳ್ಳುವುದರ ಲಾಭ ಎಲ್ಲಿದೆ? ತೆಂಗಿನಕಾಯಿಯ ಎಚ್‌ಎಸ್‌ಎನ್ ಸಂಕೇತ 0801, ಕೊಬ್ಬರಿಯದು 1203. ಮೊದಲನೆಯದಕ್ಕೆ ಜಿಎಸ್‌ಟಿ ಇಲ್ಲ, ಎರಡನೆಯದಕ್ಕೆ ಶೇಕಡ 5. ಪ್ರೋಗ್ರಾಮರನು ಸಂಕೇತವನ್ನು ಅಕ್ಷರವಾಗಿ ಇಡದೆ ಸಂಖ್ಯೆಯಾಗಿ ಇಟ್ಟರೆ ಮುಂದಿನ ಸೊನ್ನೆ ಉದುರಿ 0801 ಎಂಬುದು 801 ಆಗುತ್ತದೆ. ದರಪಟ್ಟಿಯೊಡನೆ ಅದು ಹೊಂದದೆ ತೆರಿಗೆ ತಪ್ಪಿದಲ್ಲಿ ನೋಟೀಸು ಬರುವುದು ವರ್ತಕನಿಗೆ. ಹಣದ ಲೆಕ್ಕವೂ ಹಾಗೆಯೇ: ಗಣಕಯಂತ್ರದ ಸಾಮಾನ್ಯ ದಶಮಾಂಶ ಗಣನೆಯಲ್ಲಿ 0.1 ಮತ್ತು 0.2 ಕೂಡಿದರೆ 0.30000000000000004 ಬರುತ್ತದೆ. ಮೊತ್ತವನ್ನು ಪೈಸೆಗಳಲ್ಲಿ, ಪೂರ್ಣಾಂಕವಾಗಿ ಇಡಬೇಕೆಂಬುದು ನಿಯಮವಾಗಬೇಕು. ಇಂತಹ ವ್ಯಾಪಾರದ ನಿಯಮಗಳು ಸಾಧನದೊಳಗೆ ಸಿದ್ಧವಾಗಿ ಬರುವುದಿಲ್ಲ, ಬರೆಸಬೇಕು. ಒಬ್ಬೊಬ್ಬರೇ ಬರೆಸುವುದು ದುಬಾರಿ. ವಾಣಿಜ್ಯ ಮಂಡಳಿಯೇ ಒಮ್ಮೆ ಬರೆಸಿದರೆ ಖರ್ಚು ಎಲ್ಲರಿಗೂ ಹಂಚಿಹೋಗುತ್ತದೆ.

ನಿಯಮಗಳು ಕಡಿಮೆಯಿದ್ದಷ್ಟೂ ಒಳ್ಳೆಯದು. ಆವರಣ ಎಲ್ಲಿರಬೇಕು, ಸಾಲು ಎಷ್ಟುದ್ದವಿರಬೇಕು ಎಂಬ ಚರ್ಚೆಗೆ ಪ್ರೋಗ್ರಾಮರುಗಳು ಒಂದಿಡೀ ದಿನ ಕೊಡಬಲ್ಲರು; ಅದನ್ನು ತಾನಾಗಿ ಸಾಲು ಜೋಡಿಸುವ ಸಾಧನಕ್ಕೆ ಬಿಡುವುದು ಲೇಸು. ಹಳೆಯ ತಂತ್ರಾಂಶದ ಮೇಲೆ ಎಲ್ಲ ನಿಯಮಗಳನ್ನೂ ಒಮ್ಮೆಗೇ ಹೇರಬಾರದು. ಸಾವಿರಾರು ಆಕ್ಷೇಪಣೆಗಳು ಬಂದೊಡನೆ ಸಾಧನವನ್ನೇ ಸ್ಥಗಿತಗೊಳಿಸುವುದು ಮನುಷ್ಯಸ್ವಭಾವ. ತಿದ್ದುಪಡಿಯಾದ ಕಡತಗಳಿಗೆ ಮಾತ್ರ ಮೊದಲು ಅನ್ವಯಿಸಿದರೆ ಸಾಕು. ವಿನಾಯಿತಿ ಬೇಕಾದಲ್ಲಿ ಕಾರಣವನ್ನು ಆ ಸಾಲಿನ ಪಕ್ಕದಲ್ಲೇ ಬರೆಯಬೇಕು.

ಮೊತ್ತಗಳು ಸರಿಯಾಗಿವೆಯೆಂದು ಈ ತಪಾಸಣೆ ಪ್ರಮಾಣೀಕರಿಸುವುದಿಲ್ಲ. ಲೆಕ್ಕದ ಪರೀಕ್ಷೆ ಬೇರೆಯೇ ನಡೆಯಬೇಕು. ಆದರೂ ತಂತ್ರಾಂಶದ ಕರಾರಿನಲ್ಲಿ ಎರಡು ಷರತ್ತುಗಳನ್ನು ಸೇರಿಸುವುದು ಇಂದೇ ಸಾಧ್ಯ: ತಪಾಸಣೆಯ ವರದಿ ದೋಷರಹಿತವಾಗಿ ಬಂದ ನಂತರವೇ ಕೊನೆಯ ಕಂತಿನ ಪಾವತಿ, ಮತ್ತು ಮೂಲ ಸಂಕೇತವು ಮಾಲೀಕನ ವಶಕ್ಕೆ. ಮೂಲ ಸಂಕೇತ ಕೈಯಲ್ಲಿಲ್ಲದವನಿಗೆ ಯಾವ ತಪಾಸಣೆಯನ್ನೂ ಮಾಡಿಸಲು ಬರುವುದಿಲ್ಲ.